ತೊಳೆದ ಕಲ್ಲುಗಳು

ಜೋನ್ ಕಡಲಕಳೆ ಬೆಳೆಸುವ ಟಬ್ಬಿನ ಕೊನೆಯ ಕಲ್ಲನ್ನೂ ತೆಂಗಿನ ನಾರಿನಿಂದ ಉಜ್ಜಿ, ಫಿನಾಯಿಲ್ ಸುರಿದು, ಟಬ್ಬನ್ನು ಬಾವಿಕಟ್ಟೆಯ ಮೇಲೆ ಕವುಚಿ ಹಾಕಿದಳು. ಒಳಗೆ ಗಂಡ ಸಿರಿಲ್ ಕೋಟು ತೊಟ್ಟು ಶವಪೆಟ್ಟಿಗೆಯಲ್ಲಿ ಮಲಗಿದ್ದರು. ಕಾಪುವಿನ ಇಗರ್ಜಿಯ ಅರ್ಧ ಜನ ಇನ್ನೇನು ಅಂಗಳಕ್ಕೆ ಬರುವುದಿತ್ತು. ಮದುವೆಯಾದಂದಿನಿಂದ ಸಹಿಸಿದ ಕಡಲಕಳೆಯ ವಾಸನೆ ಇವತ್ತೊಂದು ದಿನ ಬೇಡ.

ಕೆಲಸದ ಯಮನವ್ವ ಓಡಿಬಂದಳು. "ಬಾಯಾರ, ನೀವ್ಯಾಕ ಮಾಡಾಕ ಹತ್ತೀರಿ? ನಾ ಇಲ್ಲೇನು?"

"ಟಬ್ಬು ಮುಟ್ಟಬೇಡ ಅಂತ ಅವರು ನಿನಗೆ ಹೇಳಿದ್ರಲ್ವಾ? ಬಿಡು. ಈ ಕಲ್ಲು ಹೊರಗಿನ ಮೇಜಿನ ಮೇಲೆ ಇಡು, ಗಾಳಿಗೆ ಮೇಜಿನ ಬಟ್ಟೆ ಹಾರ್ತದೆ."

*

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಸಿರಿಲ್‌ಗೆ ಸಾರ್ಗ್ಯಾಸಮ್ ಎಂಬ ಕಂದು ಕಡಲಕಳೆಯ ಮುಂದೆ ಹೆಂಡತಿಯೂ ಎರಡನೆಯವಳೇ. ಹೋದ ವಾರ ಭೂತಗನ್ನಡಿ ಹಿಡಿದು ಅವಳನ್ನು ಟಬ್ಬಿನ ಬಳಿಗೆ ಕರೆದಿದ್ದರು.

"ನೋಡು ಮಾರಾಯ್ತಿ, ಬೇರಿಲ್ಲ, ಬುಡದ ಬಿಲ್ಲೆಯಲ್ಲೇ ಬಂಡೆ ಕಚ್ಚಿಕೊಳ್ಳುವುದು. ಈ ಕಾಳುಮೆಣಸಿನಂಥದ್ದರಲ್ಲಿ ಗಾಳಿ ಉಂಟು, ಅದಕ್ಕೇ ನೀರಲ್ಲಿ ನೆಟ್ಟಗೆ ನಿಲ್ಲುವುದು. ಮೊಟ್ಟೆ ಹೊರಗೆ ಬಂದರೂ ತಾಯಿ ಕೂಡಲೇ ಬಿಡುವುದಿಲ್ಲ, ಅಂಟಿನಲ್ಲಿ ಮೈಮೇಲೇ ಹಿಡಿದುಕೊಳ್ತದೆ. ಮೊಳೆಯಲಿಕ್ಕೆ ಸುರುವಾದ ಮೇಲೆ ಉದುರುವುದು. ಈಗ ಉದುರಿ ಕಲ್ಲು ಹಿಡಿದಿದೆ."

"ಎಂತ ಹಿಡಿದಿದೆ? ಧೂಳು ಕಾಣ್ತದೆ."

"ಧೂಳಲ್ಲ, ಮಕ್ಕಳು! ಎಷ್ಟು ವರ್ಷ ಮಾಡಿದ ಮೇಲೆ ಬದುಕಿದ್ದು ಗೊತ್ತುಂಟಾ? ಇನ್ನು ವಿಕಾಸ್ ಬಂದು ಕಡಲಿಗೆ ಕೊಂಡುಹೋಗ್ತಾನೆ. ಬೋಳು ಬಂಡೆಗೆ ಮತ್ತೆ ಕಳೆ ಬರ್ತದೆ."

"ನಿಮ್ಮ ಮಕ್ಕಳಿಗೆ ಕೊಳೆತ ಮೀನಿನ ವಾಸನೆ," ಎಂದು ಜೋನ್ ಮೂಗು ಮುಚ್ಚಿಕೊಂಡಿದ್ದಳು. ಆದರೆ ಕನ್ನಡಿಯೊಳಗೆ ಕಣ್ಣಿಟ್ಟು ನೋಡಿದ್ದಳು.

*

"ಅತ್ತಿಗೆ, ಮನೆ ಇವತ್ತು ಆಸ್ಪತ್ರೆಯ ಹಾಗೆ ಉಂಟು. ಅಣ್ಣ ಎದ್ದರೂ ಗುರುತು ಸಿಗಲಿಕ್ಕಿಲ್ಲ," ಎಂದ ಮೈದುನ ರೋನಿ. ಸಾವಿನ ಮನೆಯಲ್ಲಿ ನಗುವುದು ಹೇಗೆಂದು ಬಲ್ಲ ನಾಲ್ಕು ಜನ ಕರ್ಚೀಫಿನೊಳಗೆ ನಕ್ಕರು.

ಸಿರಿಲ್‌ರ ಶಿಷ್ಯ ವಿಕಾಸ್ ಮಣಿಪಾಲದಿಂದ ಹೂಚಕ್ರ ಹಿಡಿದು ಬಂದವನು ಮೇಜಿನ ಬಳಿ ನಿಂತುಬಿಟ್ಟ. ಕಲ್ಲೊಂದನ್ನು ಎತ್ತಿ ಬೆರಳಿನಿಂದ ಸವರಿದ, ಮೂಸಿದ.

"ಆಂಟಿ, ಇದು ಸರ್ ಇಟ್ಟ ಕಲ್ಲಲ್ವಾ? ಯಾರು ತೊಳೆದದ್ದು?"

ಅಂಗಳದ ತಲೆಗಳೆಲ್ಲ ತಿರುಗಿದವು.

"ಯಮನವ್ವ," ಎಂದಿತು ಜೋನಳ ಬಾಯಿ. "ಅವಳಿಗೆ ಎಂತ ಗೊತ್ತುಂಟು, ಪಾಪ."

ಶರಬತ್ತಿನ ಟ್ರೇ ಹಿಡಿದಿದ್ದ ಯಮನವ್ವ ಜೋನಳ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಹೌದ್ರಿ, ನಾನ. ಗೊತ್ತಾಗಲಿಲ್ರಿ."

"ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೇ ಮಾರಾಯ," ಎಂದ ರೋನಿ.

ವಿಕಾಸ್ ಕಲ್ಲನ್ನು ಇದ್ದಲ್ಲೇ ಇಟ್ಟ, ಮಲಗಿದ ಮಗುವನ್ನು ಇಟ್ಟ ಹಾಗೆ. ಜೋನ್ ಬಾಯಿ ತೆರೆದಳು. ಅಷ್ಟರಲ್ಲಿ ಪಾದ್ರಿಗಳು ಪ್ರಾರ್ಥನೆ ಸುರು ಮಾಡಿದರು. ಎಲ್ಲರೂ ಎದ್ದು ನಿಂತರು. ತೆರೆದ ಬಾಯಿಂದ ಹೊರಟದ್ದು ಆಮೆನ್.

*

ಪೆಟ್ಟಿಗೆಯ ಹಿಂದೆ ಸಿಮಿತ್ರಿಯ ಸಮಾಧಿಗಳತ್ತ ಹೋಗುವ ದಾರಿಯಲ್ಲಿ ಇಳಿಬಿಸಿಲು ಕಡಲ ಕಡೆಯಿಂದ ನೇರ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನಿಂದ ಯಮನವ್ವ ಬಂದು ಜೋನಳಿಗೆ ಕೊಡೆ ಹಿಡಿದಳು.

ಜೋನ್ ಒಂದು ಹೆಜ್ಜೆ ಬಿಸಿಲಿಗೆ ಸರಿದಳು. ಕೊಡೆಯೂ ಸರಿಯಿತು. ಇನ್ನಷ್ಟು ಸರಿದಳು, ದಾರಿಯಂಚಿನ ಮುಳ್ಳುಬೇಲಿಗೆ ಸೀರೆ ಸಿಕ್ಕುವವರೆಗೆ. ಯಮನವ್ವ ಬಗ್ಗಿ ಒಂದು ಕೈಯಲ್ಲಿ ಸೆರಗು ಬಿಡಿಸಿದಳು. ಇನ್ನೊಂದು ಕೈ ಕೊಡೆಯನ್ನು ಅಲ್ಲಿಗೂ ಚಾಚಿತ್ತು. ಯಮನವ್ವನ ತಲೆ ಮಾತ್ರ ಪೂರ್ತಿ ಬಿಸಿಲಿನಲ್ಲಿತ್ತು.