ಹಿಂದಿನ ಸಾಲಿನವರೆಗೆ

ಗಿಟಾರು ಎರಡನೇ ಸಲ ಗೂಂ ಎಂದು ಒದರಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯ ಅತಿಥಿಗಳು ಎರಡೂ ಕಿವಿ ಮುಚ್ಚಿಕೊಂಡರು. ಮೈಕಿನ ಮಲ್ಲಿನಾಥ ದನಿ ಹದ ಮಾಡುವ ಮಿಕ್ಸರಿನ ಮೇಲೆ ಬಗ್ಗಿ ಒಂದು ಗುಂಡಿ ತಿರುವಿದ, ಅದನ್ನು ಬಿಟ್ಟು ಇನ್ನೊಂದು ತಿರುವಿದ. ಬನಹಟ್ಟಿಯ ವಾಚನಾಲಯದ ಮಹಡಿ ಮೇಲಿನ ಆ ಕೋಣೆಯಲ್ಲಿ ಹಿಡಿಸುವುದೇ ಅರವತ್ತು ಕುರ್ಚಿ. ಮೇಲೆ ತಗಡು, ಕೆಳಗೆ ನುಣುಪು ಫರಸಿ, ಸುತ್ತ ಬೋಳು ಗೋಡೆ. ಅಂಥ ಜಾಗದಲ್ಲಿ ಗಿಟಾರಿನ ಹೊಟ್ಟೆಯ ತೂತಿಗೆ ಮೈಕು ಹಿಡಿದು ದನಿ ಏರಿಸಿದರೆ, ಸ್ಪೀಕರಿನಿಂದ ಹೊರಟ ಸದ್ದು ತಿರುಗಿ ಗಿಟಾರಿನ ಹೊಟ್ಟೆಯನ್ನೇ ಹೊಕ್ಕು, ಅಲ್ಲಿಂದ ಮತ್ತೆ ಮೈಕಿಗೆ ಬಂದು ಹೀಗೆಯೇ ಒದರುತ್ತದೆ. ಮಲ್ಲಿನಾಥನಿಗೆ ಇದು ಗೊತ್ತಿಲ್ಲದ್ದೇನಲ್ಲ. ಹನ್ನೆರಡು ವರ್ಷ ಮೈಕು ಹಿಡಿದೇ ಹೊಟ್ಟೆ ಹೊರೆದವನಿಗೆ ಅಷ್ಟೂ ಗೊತ್ತಿರಲಿಲ್ಲ ಎಂದರೆ ನಂಬುವವರು ಯಾರು?

"ಏನಪಾ ಮಲ್ಲು ಇದು," ವಾಚನಾಲಯದ ಕಾರ್ಯದರ್ಶಿ ಲಗಮಣ್ಣ ಬೆನ್ನ ಹಿಂದೆ ಬಂದು ಕಿವಿಯಲ್ಲಿ ಅಂದ. "ಸಾಹೇಬ್ರು ಎದ್ದ ಹೊಕ್ಕಾರ ಈಗ. ಅದರ ಬಾಯಿ ಮುಚ್ಚಸು ಮೊದಲ."

ವೇದಿಕೆಯ ಮೇಲೆ ಪರಮಾನಂದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಐವತ್ತಾರರ ನೇಕಾರ. ಹರೆಯದಲ್ಲಿ ಇಚಲಕರಂಜಿಯ ಪವರ್‌ಲೂಮುಗಳಲ್ಲಿ ದುಡಿಯುವಾಗ ಅಲ್ಲಿನ ಒಂದು ಆರ್ಕೆಸ್ಟ್ರಾದವರ ಬೆನ್ನುಹತ್ತಿ ಗಿಟಾರು ಕಲಿತವನು, ಮದುವೆಯಾಗಿ ಊರಿಗೆ ಬಂದ ಮೇಲೆ ಮಗ್ಗಗಳ ನಡುವೆಯೇ ಮೂವತ್ತು ವರ್ಷ ಕಳೆದುಬಿಟ್ಟಿದ್ದ. ಆ ಖಟಖಟಕ್ಕೆ ಕಿವಿ ಮುಕ್ಕಾಲುಪಾಲು ಹೋಗಿತ್ತು. ಯಾರಾದರೂ ಮಾತಾಡಿಸಿದರೆ ಅವರ ಕಣ್ಣು ಬಿಟ್ಟು ಬಾಯಿಯನ್ನೇ ನೋಡುತ್ತಿದ್ದ. ಮಲ್ಲಿನಾಥ ಅದನ್ನು ನಾಚಿಕೆ ಸ್ವಭಾವ ಅಂದುಕೊಂಡಿದ್ದ.

"ಇನ್ನೊಂದೀಟ ಜೋರ ಕೊಡಪಾ ತಮ್ಮಾ, ನನಗ ಕೇಳಸವಲ್ದು," ಅಂದ ಪರಮಾನಂದ. ಗಿಟಾರು ಒದರಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಹಿಂದೆ ಕೂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು.

ಮಲ್ಲಿನಾಥ ಆಗ ಮಾಡಿದ್ದು ಎರಡೇ ಕೆಲಸ. ಎಡಗೈಯಿಂದ ಗಿಟಾರಿನ ಮೈಕಿನ ದನಿ ಏರಿಸಿ ಇಳಿಸುವ ಪಟ್ಟಿಯನ್ನು ಸರ್ರನೆ ಕೆಳಗೆಳೆದು ಪೂರ್ತಿ ಬಂದ್ ಮಾಡಿದ. ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿ, ಭೇಷ್ ಬರುತ್ತಿದೆ, ಬಾರಿಸಿರಿ ಎಂಬಂತೆ ತಲೆಯಾಡಿಸಿದ.

ಪರಮಾನಂದನ ಮುಖ ಅರಳಿತು. ಅವನು ಕಣ್ಣು ಮುಚ್ಚಿ, ಕಟ್ಟಿಗೆಯ ನಡುಕ ಎಲುಬಿಗೆ ತಾಗಲೆಂದು ಗಿಟಾರಿನ ಹೆಗಲಿಗೆ ಗದ್ದ ಆನಿಸಿ, ತಾನೇ ಕಟ್ಟಿದ ಧಾಟಿಯನ್ನು ಹದಿನಾಲ್ಕು ನಿಮಿಷ ಬಾರಿಸಿದ. ಮೊದಲ ಎರಡು ಸಾಲಿನವರಿಗೆ ಪಕ್ಕದ ಮನೆಯಲ್ಲಿ ಯಾರೋ ಏನೋ ಮಾಡುತ್ತಿದ್ದಾರೆ ಅನ್ನುವಷ್ಟು ಕೇಳಿಸಿತು. ಅದರಾಚೆ ತಗಡಿನ ಕೆಳಗೆ ನಾಲ್ಕು ಫ್ಯಾನು ತಿರುಗುವ ಸಪ್ಪಳ, ಅಷ್ಟೇ. ಸ್ವಲ್ಪ ಹೊತ್ತಿಗೆ ಹಿಂದಿನವರು ತಮ್ಮ ತಮ್ಮಲ್ಲೇ ಮಾತಿಗಿಳಿದರು. ಕಡೆಯ ಸಾಲಿನ ಮೂಲೆಯಲ್ಲಿ ಪರಮಾನಂದನ ಹೆಂಡತಿ ಶ್ರೀದೇವಿ ಇಳಕಲ್ಲ ಸೀರೆಯ ಸೆರಗು ಹೊದ್ದು ಅಲ್ಲಾಡದೆ ಕೂತಿದ್ದಳು. ಮುಗಿದಾಗ ಲಗಮಣ್ಣ ಮೊದಲು ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು.

ವೈರು ಸುತ್ತುತ್ತಿದ್ದಾಗ ಪರಮಾನಂದ ಬಂದು ಅವನ ಕೈ ಹಿಡಿದುಕೊಂಡ. "ಹೆಂಗ ಬಂತಪಾ?"

"ಭಾಳ ಛಲೋ ಬಂತ್ರಿ ಕಾಕಾ," ಅಂದ ಮಲ್ಲಿನಾಥ. ಅನ್ನದೆ ಇನ್ನೇನು ಮಾಡುತ್ತಿದ್ದ, ಪಾಪ. ಅಂದದ್ದು ಮಾತ್ರ ಅವತ್ತಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ತನ್ನ ತಪ್ಪು ಅವನಿಗೆ ಒಂದೂ ಬಿಡದಂತೆ ಗೊತ್ತಿತ್ತು. ಅವತ್ತು ಮಧ್ಯಾಹ್ನ ಹುನ್ನೂರಿನಲ್ಲಿ ಒಂದು ಅಂಗಡಿ ಉದ್ಘಾಟನೆಯ ಕೆಲಸ ಒಪ್ಪಿಕೊಂಡು, ಅಲ್ಲಿಂದ ಗಡಿಬಿಡಿಯಲ್ಲಿ ಓಡಿಬಂದಿದ್ದ. ಕಾರ್ಯಕ್ರಮಕ್ಕೆ ಮೊದಲು ಅರ್ಧ ತಾಸು ಕೊಟ್ಟಿದ್ದರೆ ಸಾಕಾಗಿತ್ತು. ಮೈಕನ್ನು ತೂತಿನಿಂದ ಸರಿಸಿ ಗಿಟಾರಿನ ಕುತ್ತಿಗೆ ಮೈಗೆ ಕೂಡುವಲ್ಲಿ ಹಿಡಿಯಬಹುದಿತ್ತು, ಸ್ಪೀಕರನ್ನು ಓರೆ ಮಾಡಬಹುದಿತ್ತು, ದಪ್ಪ ದನಿ ಇಳಿಸಬಹುದಿತ್ತು. ಅಷ್ಟೇಕೆ, ಗಿಟಾರಿನ ಮೈಗೇ ಅಂಟಿಸುವ, ರೂಪಾಯಿ ನಾಣ್ಯದಷ್ಟಗಲದ ಪಿಕಪ್ಪು ಅವನ ಅಂಗಡಿಯ ಡ್ರಾವರಿನಲ್ಲೇ ಬಿದ್ದಿತ್ತು. ಅದಕ್ಕೆ ಗಾಳಿಯ ಗೊಡವೆಯೇ ಇಲ್ಲ, ಕಟ್ಟಿಗೆಯ ನಡುಕವನ್ನೇ ಹಿಡಿದು ಕಳಿಸುತ್ತದೆ. ಯಾರೋ ನೇಕಾರ ಎರಡು ಹಾಡು ಬಾರಿಸುತ್ತಾನೆ, ಅದಕ್ಕೆಲ್ಲ ಯಾಕೆ ಅಂದುಕೊಂಡು ಅದನ್ನು ತಂದಿರಲಿಲ್ಲ. ಈ ‘ಯಾರೋ’ ಅಂದುಕೊಂಡದ್ದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

ವಾರ ಕಳೆದಿರಲಿಲ್ಲ, ಪರಮಾನಂದ ಸೈಕಲ್ ಹೊಡೆದುಕೊಂಡು ಅಂಗಡಿಗೇ ಬಂದ. ಜಮಖಂಡಿಯ ಒಂದು ಸಂಗೀತ ಶಾಲೆಯವರು ರವಿವಾರ ಸಂಜೆ ಅವನನ್ನು ಕರೆದಿದ್ದರು. "ಎಂಬತ್ತ ಮಂದಿ ಕೂಡೂ ಹಾಲಂತ. ಅಲ್ಲಿ ಮೈಕಿನವ್ರು ಅದಾರಂತ ಖರೆ, ನಾ ಒಲ್ಲೆ ಅಂದ್ನಿ. ನಮ್ಮ ಮಲ್ಲೂನ ಬೇಕ ಅಂದ್ನಿ. ಅವತ್ತ ನೀ ಹೆಬ್ಬಟ್ಟ ಎತ್ತಿ ತೋರಿಸಿದ ಮ್ಯಾಲ ನನ್ನ ಕೈಯಾಗಿನ ನಡುಕ ನಿಂತತಿ ನೋಡು."

ಮಲ್ಲಿನಾಥ ಹೂಂ ಅಂದ. ಪರಮಾನಂದ ಹೋದ ಮೇಲೆ ಡ್ರಾವರು ತೆಗೆದು, ಪಿಕಪ್ಪಿನ ಮೇಲಿನ ಧೂಳು ಒರೆಸಿ ಕಿಸೆಗೆ ಹಾಕಿಕೊಂಡ. ರವಿವಾರಕ್ಕೆ ಮೊದಲೇ ಅವನ ಮನೆಗೆ ಹೋಗಿ ಅಂಟಿಸಿ ನೋಡುವುದು, ಜಮಖಂಡಿಯಲ್ಲಿ ಒಂದೆಳೆಯೂ ತಪ್ಪದಂತೆ ಕೇಳಿಸುವುದು, ಅಲ್ಲಿಗೆ ಇದು ಮುಗಿಯಿತು. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಶುಕ್ರವಾರ ಮಧ್ಯಾಹ್ನ ಹೋದಾಗ ಶ್ರೀದೇವಿ ಪಡಸಾಲೆಯಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹಿತ್ತಲಿನ ಶೆಡ್ಡಿನಿಂದ ನಾಲ್ಕು ಮಗ್ಗಗಳ ಸದ್ದು ಗೋಡೆಯನ್ನೇ ಅದುರಿಸುತ್ತಿತ್ತು. ಅವನನ್ನು ಕಂಡು ರಾಟಿ ನಿಲ್ಲಿಸಿ ಹತ್ತಿರ ಬಂದಳು.

"ಅವತ್ತ ನೀ ಬಂದ್ ಮಾಡಿದ್ಯಲ್ಲ ಮಲ್ಲು?"

ಅವನಿಗೆ ನೆಲ ನುಂಗಬಾರದೇ ಅನ್ನಿಸಿತು. "ಹೌದ್ ಚಿಗವ್ವಾ. ಒದರಾಕತ್ತಿತ್ತು. ಲಗಮಣ್ಣಾರು..."

"ನಾ ಬೈಯಾಕ ಕೇಳಲಿಲ್ಲಪಾ." ಅವಳು ಶೆಡ್ಡಿನ ಕಡೆ ನೋಡಿ ದನಿ ತಗ್ಗಿಸಿದಳು, ತಗ್ಗಿಸುವ ಅಗತ್ಯವೇನೂ ಇರಲಿಲ್ಲ. "ಮನಿಗೆ ಬಂದ ಕೂಡಲೆ ನಿಮ್ಮ ಕಾಕಾ ಕೇಳಿದ್ರು, ಹಿಂದಿನ ಸಾಲೀಗೆ ಕೇಳಿಸ್ತೇನು ಅಂತ. ಭಾಳ ಛಂದ ಕೇಳಿಸ್ತು ಅಂದ್ನಿ. ಲಗ್ನ ಆದಾಗಿಂದ ಆ ಮನಷ್ಯಾ ಅಷ್ಟ ನಕ್ಕಿದ್ದ ನಾ ನೋಡಿಲ್ಲ. ನೀ ಮತ್ತ ಏನರೆ ಹೇಳೀಗೀಳಿ. ನನ್ನಾಣಿ ಐತಿ ನೋಡು."

"ಇಲ್ಲ ಚಿಗವ್ವಾ, ಹೇಳೂದಿಲ್ಲ," ಅಂದ ಮಲ್ಲಿನಾಥ. ಒಬ್ಬನ ಸುಳ್ಳಿಗೆ ಇನ್ನೊಬ್ಬರು ಜಾಮೀನು ನಿಂತ ಹಾಗಾಯಿತು. ಅವನಿಗೆ ಹಗುರವಾಗಬೇಕಿತ್ತು, ಆಗಲಿಲ್ಲ.

ಶೆಡ್ಡಿನಲ್ಲಿ ಕಾಲಿಟ್ಟರೆ ಎದೆಯೊಳಗೇ ಲಾಳಿ ಓಡಾಡಿದಂತಾಗುತ್ತಿತ್ತು. ಆಚೆ ತುದಿಯ ಮಗ್ಗದ ಹತ್ತಿರ ನಿಂತಿದ್ದ ಪರಮಾನಂದ ಅವನನ್ನು ಕಂಡು ತುಟಿ ಆಡಿಸಿ, ಕೈಯನ್ನು ಬಾಯಿಗೆ ಒಯ್ದು ಚಹಾ ಕುಡಿಯುತ್ತೀಯಾ ಎಂದು ಕೇಳಿದ. ಗೋಡೆಗೆ ಆನಿಸಿದ್ದ ಗಿಟಾರನ್ನು ಮಲ್ಲಿನಾಥ ತೊಡೆಯ ಮೇಲೆ ತೆಗೆದುಕೊಂಡ. ಯಾರೂ ಮುಟ್ಟದಿದ್ದರೂ ಅದರ ತಂತಿಗಳು ಮಗ್ಗದ ಸದ್ದಿಗೆ ತಾವೇ ಅದುರುತ್ತಿದ್ದವು. ಅವನು ಅಂಗೈ ಊರಿ ಅವನ್ನು ತಡೆದು, ಬಟ್ಟೆಯಿಂದ ಕಟ್ಟಿಗೆ ಒರೆಸತೊಡಗಿದ. ಅಷ್ಟರಲ್ಲಿ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಪಕ್ಕದ ಶೆಡ್ಡಿನವೂ ನಿಂತವು, ಅದರಾಚೆಯವೂ ನಿಂತವು. ಇಡೀ ಓಣಿ ಬಾಯಿ ಮುಚ್ಚಿಕೊಂಡಿತು. ಎಲ್ಲೋ ಒಂದು ಆಡು ಕೂಗಿದ್ದು ಕೇಳಿಸಿತು.

"ನನ್ನ ಗಿಟಾರಿನ ಸಾಲಿ ಈಗ ಸುರು ಆತು ನೋಡು," ಅಂದ ಪರಮಾನಂದ ನಗುತ್ತ. ಕೈಗೆ ಹತ್ತಿದ್ದ ನೂಲಿನ ಧೂಳು ಒರೆಸಿಕೊಂಡು ಗಿಟಾರು ಇಸಿದುಕೊಂಡ. "ಕರೆಂಟ್ ಹೋದಾಗಷ್ಟ ನನ್ನ ಪ್ರ್ಯಾಕ್ಟೀಸು. ಈ ಧಾಟೀನೂ ಹಂಗ ಕಟ್ಟಿದ್ದು, ಎರಡ ವರ್ಷ ಹಿಡೀತು. ಅವತ್ತ ಬಾರಿಸಿದ್ನಲ್ಲ, ಅದ."

ಮಲ್ಲಿನಾಥ ಅದನ್ನು ಮೊದಲ ಸಲ ಕೇಳಿದ. ದಪ್ಪ ತಂತಿಯ ಮೇಲೆ ಹೆಬ್ಬೆರಳು ನಿಧಾನಕ್ಕೆ ನಡೆಯುತ್ತಿತ್ತು, ಅದರ ಮೇಲೆ ಉಳಿದ ಬೆರಳುಗಳು ಒಂದು ಸಣ್ಣ ಧಾಟಿ ಎತ್ತಿ, ಅರ್ಧಕ್ಕೆ ಬಿಟ್ಟು, ಏನೋ ಮರೆತವರಂತೆ ತಿರುಗಿ ಬಂದು ಅದನ್ನೇ ಮತ್ತೆ ಎತ್ತಿಕೊಳ್ಳುತ್ತಿದ್ದವು. ನೂಲು ಗಂಟು ಹಾಕಿ ಹಾಕಿ ಒರಟಾದ ಆ ಬೆರಳುಗಳಲ್ಲಿ ಇಷ್ಟು ಮೆದುತನ ಎಲ್ಲಿ ಅಡಗಿತ್ತೋ. ಎದುರು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕಾಳು ಹಸನು ಮಾಡುವುದನ್ನು ಬಿಟ್ಟು ಕೂತಿದ್ದಳು. ಇಷ್ಟು ಸಣ್ಣ ದನಿ ಓಣಿ ದಾಟಿ ಆಕೆಗೆ ಮುಟ್ಟುತ್ತಿತ್ತು. ವಾಚನಾಲಯದಲ್ಲಿ ಫ್ಯಾನು ಬಂದ್ ಮಾಡಿ, ತನ್ನ ಮೈಕು ಸ್ಪೀಕರು ಎಲ್ಲ ಕಿತ್ತೆಸೆದು, ಜನರಿಗೆ ಸ್ವಲ್ಪ ಸುಮ್ಮನಿರಿ ಅಂದಿದ್ದರೂ ಸಾಕಾಗಿತ್ತಲ್ಲ ಅನ್ನಿಸಿ ಮಲ್ಲಿನಾಥನ ಕಣ್ಣು ತುಂಬಿದವು. ಇದನ್ನು ತಾನು ಒಂದು ಬೆರಳಿನಲ್ಲಿ ಎಳೆದು ಮುಚ್ಚಿದ್ದ.

ಧಾಟಿ ಇನ್ನೇನು ಮುಗಿಯಬೇಕು, ಕರೆಂಟು ಬಂತು. ಅಕ್ಕಪಕ್ಕದ ಶೆಡ್ಡುಗಳು ಸುರುವಾದವು. ಪರಮಾನಂದ ಗಿಟಾರನ್ನು ಗೋಡೆಗಿಟ್ಟು, ಒಂದೊಂದಾಗಿ ನಾಲ್ಕೂ ಮಗ್ಗ ಚಾಲೂ ಮಾಡಿ, ಕಡೆಯದರಲ್ಲಿ ಹರಿದಿದ್ದ ಎಳೆ ಹುಡುಕಲು ಬಗ್ಗಿದ.

ಮಲ್ಲಿನಾಥ ಎದ್ದು ಆ ಮಗ್ಗದ ಈಚೆಗೆ ಬಂದು ನಿಂತ. ಹೇಳುವುದಿಲ್ಲವೆಂದು ಶ್ರೀದೇವಿಗೆ ಮಾತು ಕೊಟ್ಟಿದ್ದ. ಹೇಳದೆ ಜಮಖಂಡಿಗೆ ಹೋಗಿ ಇನ್ನೊಮ್ಮೆ ಹೆಬ್ಬೆರಳು ಎತ್ತುವುದು ತನ್ನಿಂದ ಆಗುವುದಿಲ್ಲವೆಂದೂ ಗೊತ್ತಿತ್ತು. ಅವನು ರನ್ನ ಬೆಳಗಲಿಯ ರೈತರ ಮನೆಯವನು, ಬನಹಟ್ಟಿಗೆ ಬಂದು ಆರು ವರ್ಷ ಆಗಿದ್ದರೂ ಶೆಡ್ಡುಗಳ ಒಳಗೆ ಹೊಕ್ಕವನಲ್ಲ. ಈ ಸದ್ದಿನಲ್ಲಿ ದೇವರಿಗೂ ಕೇಳಿಸಲಾರದು ಅಂದುಕೊಂಡ. ಮಾತೂ ಉಳಿಯುತ್ತದೆ, ಎದೆಯ ಭಾರವೂ ಇಳಿಯುತ್ತದೆ.

"ಕಾಕಾ," ಅಂದ. ತನ್ನ ದನಿ ತನಗೇ ಕೇಳಿಸಲಿಲ್ಲ. ಧೈರ್ಯ ಬಂತು. "ಅವತ್ತ ನಾ ನಿಮ್ಮ ಗಿಟಾರ ಬಂದ್ ಮಾಡಿದ್ನಿ. ಯಾರಿಗೂ ಕೇಳಿಸಿಲ್ಲ ಕಾಕಾ. ಸುಮ್ಮನ ಹೆಬ್ಬಟ್ಟ ಎತ್ತಿದ್ನಿ. ನಂದ ತಪ್ಪು."

ಹೇಳಿಬಿಟ್ಟ. ವಾರದಿಂದ ಹಿಡಿದಿದ್ದ ಉಸಿರು ಹೊರಗೆ ಬಂತು. ಆಗ ತಲೆಯೆತ್ತಿದರೆ, ಪರಮಾನಂದನ ಕಣ್ಣು ಎಳೆಯ ಮೇಲಿರಲಿಲ್ಲ. ಮಗ್ಗದ ಆಚೆಯಿಂದ ಅವನು ಮಲ್ಲಿನಾಥನ ಬಾಯಿಯನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಈ ಗದ್ದಲದಲ್ಲಿ ಚಹಾ ಕೇಳಿದ್ದು, ಜಗಳಾಡಿದ್ದು, ಸಾವಿನ ಸುದ್ದಿ ತಿಳಿದದ್ದು, ಎಲ್ಲವೂ ಎದುರಿನವರ ತುಟಿ ನೋಡಿಯೇ. ಶೆಡ್ಡಿನಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಈ ಮಾತು ಮಲ್ಲಿನಾಥನಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಪರಮಾನಂದ ಹಿಡಿಕೆ ಜಗ್ಗಿ ತನ್ನೆದುರಿನ ಮಗ್ಗ ನಿಲ್ಲಿಸಿದ. ಉಳಿದ ಮೂರು ಓಡುತ್ತಲೇ ಇದ್ದವು. ಅವನು ನಿಧಾನವಾಗಿ ಬಲಗೈಯ ಹೆಬ್ಬೆರಳು ಎತ್ತಿ, ಅದನ್ನೊಮ್ಮೆ ನೋಡಿ, ಮಲ್ಲಿನಾಥನನ್ನು ನೋಡಿದ. ಹಾಗಾದರೆ ಇದು ಎಂದು ಕೇಳುವಂತಿತ್ತು. ಮಲ್ಲಿನಾಥ ತಲೆ ತಗ್ಗಿಸಿದ.

ಭುಜ ಮುಟ್ಟಿದಂತಾಗಿ ಮುಖ ಎತ್ತಿದ. ಪರಮಾನಂದ ಮಗ್ಗ ಬಳಸಿ ಹತ್ತಿರ ಬಂದಿದ್ದ. ಅವನ ಕಿವಿಯ ಹತ್ತಿರ ಬಗ್ಗಿ ಒಂದೇ ಮಾತು ಕೇಳಿದ.

"ಶ್ರೀದೇವಿಗೆ? ಆಕಿ ಹಿಂದಿನ ಸಾಲಿನ್ಯಾಗ ಕುಂತಿದ್ಲು. ಆಕೀಗರೆ ಕೇಳಿಸ್ತೇನು?"

ಇದನ್ನು ಮಲ್ಲಿನಾಥ ಯೋಚಿಸಿರಲೇ ಇಲ್ಲ. ತನ್ನ ಎದೆಯ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಅವಳು ಹೇಳಿದ್ದ ಸುಳ್ಳನ್ನೂ ಬೀದಿಗೆ ತಂದಿದ್ದ. ಕೇಳಿಸಿತು ಅನ್ನಲು ಬಾಯಿ ತೆರೆದ. ಪರಮಾನಂದನ ಕಣ್ಣು ಅವನ ತುಟಿಯ ಮೇಲೆ ನೆಟ್ಟಿದ್ದವು. ಆ ಕಣ್ಣಿನ ಮುಂದೆ ಸುಳ್ಳು ಹೊರಡಲಿಲ್ಲ, ಖರೆ ಹೇಳಲು ನಾಲಿಗೆ ಏಳಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಮುಚ್ಚಿದ್ದನ್ನೂ ಆ ಕಣ್ಣು ಓದಿಕೊಂಡವು.

ಬಾಗಿಲಲ್ಲಿ ಶ್ರೀದೇವಿ ಎರಡು ಕಪ್ಪಿನಲ್ಲಿ ಚಹಾ ಹಿಡಿದು ನಿಂತಿದ್ದಳು. ನಿಂತ ಮಗ್ಗ, ಇಬ್ಬರ ಮುಖ ನೋಡಿ ಅವಳು ಹೊಸ್ತಿಲಲ್ಲೇ ತಡೆದಳು. ಪರಮಾನಂದ ಹೋಗಿ ಒಂದು ಕಪ್ಪು ತೆಗೆದುಕೊಂಡ. ಅವಳು ಇನ್ನೊಂದನ್ನು ಮಲ್ಲಿನಾಥನ ಕೈಗೆ ಕೊಟ್ಟಳು. ಅವನು ಒಂದು ಗುಟುಕು ಕುಡಿದ. ಚಹಾಕ್ಕೆ ಸಕ್ಕರೆಯೇ ಬಿದ್ದಿರಲಿಲ್ಲ.

ಪರಮಾನಂದನೂ ಒಂದು ಗುಟುಕು ಕುಡಿದ. ಶ್ರೀದೇವಿ ಏನಾಯಿತು ಎಂಬಂತೆ ಗಂಡನ ಮುಖವನ್ನೇ ನೋಡುತ್ತಿದ್ದಳು. ಚಹಾ ಹೇಗಿದೆ ಎಂದು ಗದ್ದ ಎತ್ತಿ ಕೇಳಿದಳು. ಅವನು ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಬ್ಬೆರಳು ಎತ್ತಿ ತೋರಿಸಿದ, ಭೇಷ್ ಆಗಿದೆ ಎಂಬಂತೆ ತಲೆಯಾಡಿಸಿದ. ಅವಳ ಮುಖ ಸಡಿಲವಾಯಿತು, ನಕ್ಕು ಒಳಗೆ ಹೋದಳು.

ಪರಮಾನಂದ ಉಳಿದ ಚಹಾ ಕುಡಿದು ಕಪ್ಪನ್ನು ಕಿಟಕಿಯಲ್ಲಿಟ್ಟ. ಹರಿದ ಎಳೆಗೆ ಗಂಟು ಹಾಕಿ, ಹಿಡಿಕೆ ಒತ್ತಿ, ಬೆನ್ನು ತಿರುಗಿಸಿ ನಿಂತ. ಮಲ್ಲಿನಾಥನೂ ಸಪ್ಪನೆಯ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದ. ಪಿಕಪ್ಪು ಇನ್ನೂ ಅವನ ಕಿಸೆಯಲ್ಲೇ ಇತ್ತು. ಗೋಡೆಗೆ ಆನಿಸಿದ್ದ ಗಿಟಾರಿನ ತಂತಿಗಳು ಮತ್ತೆ ತಾವೇ ಅದುರತೊಡಗಿದ್ದವು. ಅವನು ತಡೆಯಲೆಂದು ಅಂಗೈ ಚಾಚಿದವನು, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡ.