ರೆಕ್ಕೆಯ ತುದಿಯ ತೇಪೆ

ಯಾವ ಲೋಹವನ್ನೂ ಅವರು ಬರೀ ಕಣ್ಣಿನಿಂದ ನೋಡಿ ನಂಬಿದವರಲ್ಲ. ಕಣ್ಣು ಮುಚ್ಚಿ, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಬಲಗೈಯ ಹೆಬ್ಬೆರಳನ್ನು ಅದರ ಮೇಲೆ ಮೆಲ್ಲನೆ ಎಳೆಯುವರು, ಮಾತು ಆಮೇಲೆಯೇ. ಪಾತ್ರೆ ಅಂಗಡಿಯಲ್ಲೂ ಅದೇ ಚಾಳಿ. "ಇದ್ರಲ್ಲಿ ಕೂತು ಹಾರೋಕೆ ಹೋಗ್ತೀರಾ ಯಜಮಾನ್ರೇ?" ಎಂದು ಅಂಗಡಿಯವನು ಗೇಲಿ ಮಾಡಿದರೆ, ಪಾತ್ರೆಯನ್ನು ತಿರುಗಿಸಿ ಇನ್ನೊಮ್ಮೆ ಸವರುವರು.

ಯುದ್ಧವಿಮಾನಗಳ ಮೈಯ ಬಿರುಕುಗಳಿಗೆ ತಗಡಿನ ತೇಪೆ ಹಾಕಿ ರಿವೆಟ್ ಮೊಳೆ ಬಡಿಯುವುದು ಮೂವತ್ತು ವರ್ಷಗಳಿಂದ ಅವರ ಕಸುಬು. ಬೇರೆಯವರು ಬಡಿದ ರಿವೆಟ್ಟು ಕೂದಲೆಳೆಯಷ್ಟಾದರೂ ಬೆರಳನ್ನು ತಡೆಯುತ್ತಿತ್ತು. ಇವರದು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಅಳಿಯ ಅವರು ದುಡಿಯುವ ವಾಯುನೆಲೆಯಲ್ಲೇ ವಿಮಾನ ಹಾರಿಸುವವನು. "ಮಾವ, ನನ್ನ ತಲೆ ಮೇಲೂ ಒಂದ್ಸಲ ಬೆರಳಾಡಿಸ್ಬಿಡಿ, ಎಲ್ಲಾದ್ರೂ ಬಿರುಕು ಬಿಟ್ಟಿದ್ಯೇನೋ" ಎಂದು ನಗಿಸುತ್ತಿದ್ದ.

ಒಂದು ಬೆಳಗ್ಗೆ, ಅಭ್ಯಾಸದ ಹಾರಾಟದಲ್ಲಿ, ಅಳಿಯನ ವಿಮಾನಕ್ಕೂ ಅವನ ಜೊತೆಗಾರನ ವಿಮಾನಕ್ಕೂ ಆಕಾಶದಲ್ಲೇ ಡಿಕ್ಕಿಯಾಯಿತು. ಇಬ್ಬರೂ ಉಳಿಯಲಿಲ್ಲ. ಒಂದರ ಬಲರೆಕ್ಕೆ ಇನ್ನೊಂದರ ಬಾಲವನ್ನು ಕತ್ತರಿಸಿತ್ತು; ಹಿಂದಿನಿಂದ ಬಂದು ಬಡಿದವನು ಯಾರೆಂಬುದೇ ವಿಚಾರಣೆಯ ಪ್ರಶ್ನೆ. ಆ ರೆಕ್ಕೆಯ ತುದಿಯೇನೋ ಸಿಕ್ಕಿತು, ಆದರೆ ಅದರ ಸಂಖ್ಯೆ ಸುಟ್ಟುಹೋಗಿತ್ತು. ಎರಡೂ ವಿಮಾನಗಳ ಬಲರೆಕ್ಕೆಯ ತುದಿಗೆ ಮೊದಲೇ, ಒಂದೇ ಜಾಗದಲ್ಲಿ, ಅಂಗೈಯಗಲದ ತೇಪೆ ಬಿದ್ದಿತ್ತು: ಅಳಿಯನದಕ್ಕೆ ಇವರ ಕೈಯದು, ಇನ್ನೊಂದಕ್ಕೆ ಬೇರೆ ಪಾಳಿಯವನದು. "ಸುಟ್ಮೇಲೆ ಏನ್ ಗೊತ್ತಾಗತ್ತೆ ಸಾರ್?" ಎಂದು ಆ ಪಾಳಿಯವನು ಕೈಚೆಲ್ಲಿದ್ದ.

ಷೆಡ್ಡಿನ ನೆಲದ ಮೇಲೆ, ಸೀಮೆಸುಣ್ಣದ ಗೆರೆಗಳ ನಡುವೆ, ಚೂರುಗಳನ್ನು ಜೋಡಿಸಿಟ್ಟಿದ್ದರು. ಇವರು ರೆಕ್ಕೆಯ ತುದಿಯ ಬಳಿ ಮಂಡಿಯೂರಿ, ಕಣ್ಣು ಮುಚ್ಚಿ ತೇಪೆಯ ಮೇಲೆ ಹೆಬ್ಬೆರಳು ಎಳೆದರು. ಮೂರು ಸಲ. ನಾಲ್ಕನೆಯ ಸಲ ಅಂಗಿಯ ಅಂಚಿನಿಂದ ಮಸಿ ಒರೆಸಿ ಎಳೆದರು. ಒಂದು ರಿವೆಟ್ಟಾದರೂ ಬೆರಳನ್ನು ತಡೆಯಲೆಂದು ಅವರು ಬಯಸಿದ್ದು ಅದೇ ಮೊದಲು.

"ಗೊತ್ತಾಗ್ದೇ ಇದ್ರೆ ಹಾಗೇ ಬರ್ಕೋತೀವಿ" ಎಂದರು ವಿಚಾರಣೆಯ ಅಧಿಕಾರಿ, ಮೆತ್ತಗೆ.

"ನನ್ನ ಕೈಕೆಲ್ಸಾನೇ ಸಾರ್. ಅಳಿಯನ ವಿಮಾನದ್ದು."

ಬಡಿದವನು ಅಳಿಯನೇ ಎಂದು ವರದಿಯಾಯಿತು.

"ತಿಳೀಲಿಲ್ಲ ಅಂದಿದ್ರೆ ಯಾರು ಕೇಳ್ತಿದ್ರಪ್ಪ ನಿನ್ನ?" ಎಂದಳು ಮಗಳು. "ಸತ್ತೋನ ತಲೆ ಮೇಲೆ ಹೊರೆ ಹೊರ್ಸಿ ಬಂದ್ಯಲ್ಲ!"

"ಇನ್ನೊಬ್ಬನೂ ಸತ್ತೋನೇ ಕಣಮ್ಮ."

ಅವಳು ಎದ್ದು ಒಳಗೆ ಹೋದಳು. ಈಗಲೂ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ. ಅಪ್ಪ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ.

ಇಂಥವರನ್ನು ಲೋಕ ಸತ್ಯವಂತರೆಂದು ಹೊಗಳುತ್ತದೆ. ಅದು ದೂರ ಇರುವವರ ಮಾತು. ತಾವು ಮಾಡಿದ ಕೆಲಸವನ್ನು ತಮ್ಮದಲ್ಲವೆನ್ನಲು ಇವರಿಗೆ ಬಾಯಿ ಬರುವುದಿಲ್ಲ, ಅಷ್ಟೇ. ಅಷ್ಟಕ್ಕೇ ಇವರ ಮನೆಯಲ್ಲಿ ಮಾತು ನಿಂತುಹೋಗುತ್ತದೆ.