ಮಸೂರಕ್ಕೆ ಹಚ್ಚಿದ ವಿಭೂತಿ

“ಇಷ್ಟು ದೊಡ್ಡ ದೀಪಕ್ಕೆ ಬತ್ತಿ ಎಲ್ಲೈತೋ?”

ವಿದ್ಯಾನಗರದ ಕಾಲೇಜು ಸಭಾಂಗಣದಲ್ಲಿ ಆಗ ಯಾರೂ ಇರಲಿಲ್ಲ. ಕಸ ಗುಡಿಸುವ ಕೊಟ್ರವ್ವ ಕೇಳಿದ್ದು ಗಾಳಿಯನ್ನು. ಎದುರಿಗೆ ಆಳೆತ್ತರದ ಗಾಜಿನ ಮಸೂರ, ಕಮಲದ ಎಸಳಿನಂತೆ ಪದರ ಪದರವಾಗಿ ಹಿತ್ತಾಳೆಯ ಚೌಕಟ್ಟಿನೊಳಗೆ ಕೂತಿತ್ತು. ಕರಾವಳಿಯ ದೀಪಸ್ತಂಭ ವಸ್ತುಸಂಗ್ರಹಾಲಯದಿಂದ ಒಂದು ತಿಂಗಳ ಮಟ್ಟಿಗೆ ದಾವಣಗೆರೆಗೆ ಬಂದ ಅತಿಥಿ ಅದು.

ಅಂದು ಆಯುಧಪೂಜೆ. ಅಂಗಳದ ಸ್ಕೂಟಿಗೆ ಪೂಜೆ ಮುಗಿಸಿದ ಕೈಯಲ್ಲಿ ಇನ್ನೂ ವಿಭೂತಿ ಉಳಿದಿತ್ತು. ಕೊಟ್ರವ್ವ ಗಾಜಿನ ನಟ್ಟನಡುವೆ ಮೂರು ಬೆರಳು ಎಳೆದಳು. ಕುಂಕುಮವಿಟ್ಟು ಚೆಂಡುಹೂ ಏರಿಸಿ ಕೈಮುಗಿದಳು.

ತಿಂಡಿ ಮುಗಿಸಿ ಬಂದ ಚೈತ್ರಾ ಬಾಗಿಲಲ್ಲೇ ನಿಂತುಬಿಟ್ಟಳು. ಇದೇ ಊರಿನ ಆನೆಕೊಂಡದ ಹುಡುಗಿ, ಈಗ ಆ ಸಂಗ್ರಹಾಲಯದಲ್ಲಿ ಕೆಲಸ. ಕಡಲು ಕಾಣದ ತನ್ನೂರವರು ಒಮ್ಮೆ ನೋಡಲಿ ಎಂದು ಮೇಲಧಿಕಾರಿ ಶಿವಕುಮಾರರನ್ನು ವರ್ಷವಿಡೀ ಕಾಡಿ ಮಸೂರ ತರಿಸಿದ್ದಳು. ಅವರದು ಒಂದೇ ಷರತ್ತು: ಗಾಜು ಯಾರೂ ಮುಟ್ಟಬಾರದು, ಮುಟ್ಟಿದರೆ ಅಂದೇ ವಾಪಸ್. ಅವರು ಇನ್ನೇನು ಬರುವವರಿದ್ದರು.

“ಅಜ್ಜಿ, ಏನ್ ಮಾಡಿದ್ರಿ ಇದು!”

“ಪೂಜೆ ಮಾಡೀನವ್ವ. ನಿನ್ನ ಸ್ಕೂಟಿಗೂ ಮಾಡೀನಿ. ಅದಕ್ಕ್ಯಾಕ ಸಿಟ್ಟು ಬರಲಿಲ್ಲ?”

“ಸ್ಕೂಟಿ ನಂದು. ಇದು ನಂದಲ್ಲ!” ಚೈತ್ರಾ ಮೆತ್ತನೆಯ ಬಟ್ಟೆ ಹುಡುಕತೊಡಗಿದಳು.

“ಒರೆಸಬ್ಯಾಡ, ತಾಯಿ. ಹರಿಹರದಾಗ ನಮ್ಮಪ್ಪ ಹರಿಗೋಲು ಹಾಕ್ತಿದ್ದ. ಕತ್ತಲಾದ್ರೆ ಹೊಳೆ ದಂಡೀಗೆ ಎಲ್ಲಾರ ಮನೆ ಕಂದೀಲೂ ಇರ್ತಿದ್ವು. ನಮ್ದು ಯಾವುದಂತ ಹೆಂಗೆ ತಿಳೀಬೇಕು? ಅದಕ್ಕ ನಮ್ಮವ್ವ ಗಾಜಿಗೆ ಮೂರು ಪಟ್ಟಿ ವಿಭೂತಿ ಬಳೀತಿದ್ಲು. ಪಟ್ಟಿ ದೀಪ ಕಂಡ್ರೆ ಸಾಕು, ‘ನಮ್ಮಾಕಿ ಇನ್ನೂ ಉಂಡಿಲ್ಲ, ಬೈತಾಳೆ’ ಅಂತ ಜೋರಾಗಿ ಹುಟ್ಟು ಹಾಕ್ತಿದ್ದ.”

ಚೈತ್ರಾಳಿಗೆ ನಗು ಬಂತು. ಗೋಡೆಯ ಫಲಕದಲ್ಲಿ ಅವಳೇ ಬರೆದದ್ದಿತ್ತು: ಮೊದಲು ಗುಡ್ಡದ ಮೇಲಿನ ಬೆಂಕಿ, ಆಮೇಲೆ ಎಣ್ಣೆಯ ದೀಪ, ಆಮೇಲೆ ವಿದ್ಯುತ್ತು. ಒಂದೊಂದು ದೀಪಸ್ತಂಭ ಒಂದೊಂದು ಲಯದಲ್ಲಿ ಮಿನುಗುತ್ತದೆ. ಅದರಿಂದಲೇ ನಾವಿಕ ತನ್ನ ದಡವನ್ನು ಗುರುತಿಸುತ್ತಾನೆ. ಅವಳು ಹುಡುಕುವುದನ್ನು ಬಿಟ್ಟು ಕೊಟ್ರವ್ವನ ಪಕ್ಕ ನೆಲದ ಮೇಲೆ ಕೂತಳು. “ಇದರ ಬತ್ತಿ ಎಲ್ಲೈತವ್ವ?” ಎಂದು ಕೊಟ್ರವ್ವ ಈಗ ಅವಳನ್ನೇ ಕೇಳಿದಳು.

“ಬತ್ತಿ ಒಳಗಿರ್ತಿತ್ತಜ್ಜಿ, ಸಣ್ಣದು. ಈ ಗಾಜು ಅದರ ಬೆಳಕನ್ನ ಹರದಾರಿಗಟ್ಲೆ ದೂರ ಕಳಿಸ್ತಿತ್ತು.”

“ಹಂಗಾರೆ ನಮ್ಮವ್ವನ ದನಿ ಇದ್ದಂಗೆ ಬಿಡು.”

ಇಬ್ಬರೂ ನಗುತ್ತಿರುವಾಗಲೇ ಶಿವಕುಮಾರ ಒಳಬಂದರು. ಮಸೂರ ನೋಡಿದರು. ಮುಖ ಬಿಗಿಯಿತು.

“ಚೈತ್ರಾ, ಒರೆಸಿ. ಈಗಲೇ ಒರೆಸಿದ್ರೆ ನಾನು ನೋಡೇ ಇಲ್ಲ ಅಂದ್ಕೋತೀನಿ. ಇಲ್ಲದಿದ್ರೆ ಇವತ್ತೇ ಲಾರಿ ಕರೆಸ್ತೀನಿ.”

ಹೊರಗೆ ಹಬ್ಬದ ಬಟ್ಟೆ ತೊಟ್ಟ ಜನ ಮಕ್ಕಳನ್ನು ಹೆಗಲೇರಿಸಿಕೊಂಡು ಆಗಲೇ ಸಾಲುಗಟ್ಟಿದ್ದರು. ಚೈತ್ರಾ ಅವರತ್ತ ನೋಡಿದಳು. ಕೊಟ್ರವ್ವ ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದಳು.

“ನಾನು ಒರೆಸಲ್ಲ ಸರ್,” ಎಂದಳು ಚೈತ್ರಾ. “ಈ ಪಟ್ಟಿಯಿಂದಲೇ ಇದು ನಮ್ಮೂರ ದೀಪ ಆಗಿದೆ, ಲಾರಿ ಬರೋವರೆಗೂ ಜನ ಹೀಗೇ ನೋಡ್ಲಿ.”